ಕೆರೆ ದಂಡೆಯೋ, ಮನೆ ಮೂಲೆಯೋ: ಟ್ರೆಡ್‌ಮಿಲ್ ಕೊಳ್ಳುವ ಮುಂಚೆ

ನಮ್ಮ ಮನೆಗೆ ಐದು ವರ್ಷದಲ್ಲಿ ಮೂರು ಟ್ರೆಡ್‌ಮಿಲ್ ಬಂದಿವೆ. ಎರಡು ಹೋಗಿವೆ, ಒಂದು ಉಳಿದಿದೆ. ಹಾಗಾಗಿ ಮೈಸೂರಿನ ಸರಸ್ವತಿಪುರಂನಿಂದ ವಿಜಯನಗರದವರೆಗೆ ನಮ್ಮ ನೆಂಟರಲ್ಲಿ ಯಾರಿಗೆ ಶುಗರ್ ಬಂದರೂ, ಯಾರಿಗೆ ಡಾಕ್ಟರು ‘ದಿನಾ ನಡೀರಿ’ ಅಂದರೂ ಮೊದಲ ಫೋನ್ ನನಗೇ. ‘ಅಕ್ಕ, ಯಾವ ಕಂಪನೀದು ತಗೊಳ್ಳಲಿ?’ ಅನ್ನುತ್ತಾರೆ. ಕಂಪನಿ ಹೆಸರು ನಾನು ಹೇಳುವುದಿಲ್ಲ. ಬದಲಿಗೆ ಮೂರು ಪ್ರಶ್ನೆ ಕೇಳುತ್ತೇನೆ. ನಡೆಯುವವರು ಯಾರು? ಎಷ್ಟು ಹೊತ್ತಿಗೆ ನಡೆಯುತ್ತೀರಿ? ತಂದರೆ ಎಲ್ಲಿ ಇಡುತ್ತೀರಿ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿಯೇ ಮುಗಿದಿರುತ್ತದೆ. ಎಷ್ಟೋ ಸಲ ‘ಹಾಗಾದ್ರೆ ಬೇಡ ಬಿಡಿ’ ಅಂತಲೂ ಮುಗಿಯುತ್ತದೆ.

ಬೇಡ ಅನ್ನುವ ದಾರಿಯನ್ನೇ ಮೊದಲು ನೋಡೋಣ. ಮೈಸೂರು ನಡೆಯುವವರ ಊರು. ಕುಕ್ಕರಹಳ್ಳಿ ಕೆರೆ ಏರಿ ಇದೆ. ಒಂದು ಸುತ್ತು ಹಾಕಿದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಮಣ್ಣಿನ ಹಾದಿ, ಮೇಲೆ ಮರದ ನೆರಳು, ಪಕ್ಕದಲ್ಲಿ ಹೆಜ್ಜಾರ್ಲೆ. ಆ ಕಡೆಯವರಿಗೆ ಲಿಂಗಾಂಬುಧಿ ಕೆರೆ. ಜಯಲಕ್ಷ್ಮೀಪುರಂ, ವಿ.ವಿ. ಮೊಹಲ್ಲಾದವರಿಗೆ ಚೆಲುವಾಂಬ ಪಾರ್ಕು. ಗಟ್ಟಿ ಮಂಡಿ ಇರುವವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಇಷ್ಟರಲ್ಲಿ ಯಾವುದಾದರೂ ನಿಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದು, ನೀವು ಈಗಾಗಲೇ ವಾರಕ್ಕೆ ಐದು ದಿನ ಹೋಗುತ್ತಿದ್ದರೆ ಟ್ರೆಡ್‌ಮಿಲ್ ಸುಮ್ನೆ ಖರ್ಚು. ಕೆರೆ ಏರಿಯಲ್ಲಿ ಸಿಗುವ ಗಾಳಿ, ಹರಟೆ, ‘ಯಾಕೆ ಮೂರು ದಿನ ಬರಲಿಲ್ಲ?’ ಅಂತ ಕೇಳುವ ಜನ ಯಾವ ಮೆಷಿನ್ ಜೊತೆಗೂ ಬರುವುದಿಲ್ಲ. ಹೊರಗಿನ ನೆಲ ಒಂದೇ ಸಮ ಇರುವುದಿಲ್ಲವಲ್ಲ, ಅದರಿಂದ ಕಣಕಾಲಿಗೂ ಬ್ಯಾಲೆನ್ಸಿಗೂ ತಾನಾಗಿಯೇ ಅಭ್ಯಾಸ ಆಗುತ್ತದೆ. ಟ್ರೆಡ್‌ಮಿಲ್ಲಿನಲ್ಲಿ ಅದು ಕಮ್ಮಿ.

ಆದರೆ ಎಲ್ಲರ ಬೆಳಗೂ ಹಾಗಿರುವುದಿಲ್ಲ ಅಲ್ವಾ? ಆರು ಗಂಟೆಗೆ ಡಬ್ಬಿ ಕಟ್ಟಬೇಕು, ಏಳಕ್ಕೆ ಸ್ಕೂಲ್ ವ್ಯಾನು. ಒಳಗೆ ಹಾಸಿಗೆ ಹಿಡಿದ ಹಿರಿಯರಿದ್ದರೆ ಒಂದು ಗಂಟೆ ಮನೆ ಬಿಟ್ಟು ಹೋಗುವಂತಿಲ್ಲ. ಬೆಳಗಿನ ಐದು ಗಂಟೆಗೆ ಕ್ರಾಸಿನಲ್ಲಿ ನಾಯಿಗಳದ್ದೇ ರಾಜ್ಯ. ಜೂನ್, ಜುಲೈನಲ್ಲಿ ಜಿಟಿಜಿಟಿ ಮಳೆ. ದಸರಾ ಸಮಯದಲ್ಲಿ ಸಂಜೆ ಹೊರಗೆ ಕಾಲಿಡುವುದೇ ಕಷ್ಟ. ರಾತ್ರಿ ಊಟ ಆದ ಮೇಲೆ ನಡೆಯಿರಿ ಅಂತ ಶುಗರ್ ಡಾಕ್ಟರು ಹೇಳುತ್ತಾರೆ. ಒಂಬತ್ತು ಗಂಟೆಗೆ ಒಬ್ಬರೇ ಹೆಂಗಸರು ಎಲ್ಲಿ ನಡೆಯುವುದು? ನನ್ನ ಮಟ್ಟಿಗೆ ಟ್ರೆಡ್‌ಮಿಲ್ ಗೆದ್ದಿದ್ದು ಈ ರಾತ್ರಿ ಒಂಬತ್ತರ ಲೆಕ್ಕದಲ್ಲೇ. ಮುದ್ದೆ, ಅನ್ನ ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೂ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ. ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ, ಅಷ್ಟೇ ಗುಟ್ಟು.

ಕೊಳ್ಳುವ ಮುಂಚೆ ನಾನು ಎಲ್ಲರಿಗೂ ಒಂದು ಪರೀಕ್ಷೆ ಹೇಳುತ್ತೇನೆ. ಒಂದು ತಿಂಗಳು, ನೀವು ಟ್ರೆಡ್‌ಮಿಲ್ ಹತ್ತಬೇಕು ಅಂದುಕೊಂಡ ಅದೇ ಹೊತ್ತಿಗೆ, ತಾರಸಿಯ ಮೇಲೋ ಮನೆಯೊಳಗೋ ಇಪ್ಪತ್ತು ನಿಮಿಷ ನಡೆದು ನೋಡಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಟಿಕ್ ಹಾಕಿ. ಮೂವತ್ತರಲ್ಲಿ ಇಪ್ಪತ್ತು ಟಿಕ್ ಬಿದ್ದರೆ ಮುಂದಕ್ಕೆ ಯೋಚನೆ ಮಾಡಿ. ಎಂಟೇ ಬಿದ್ದರೆ ಮೆಷಿನ್ ಬಂದ ಮೇಲೂ ಎಂಟೇ ಬೀಳುವುದು. ನನ್ನ ಓರಗಿತ್ತಿ ಈ ಪರೀಕ್ಷೆಯಲ್ಲಿ ಫೇಲಾಗಿ ಆ ದುಡ್ಡಿಗೆ ವಾಷಿಂಗ್ ಮೆಷಿನ್ ಬದಲಾಯಿಸಿದಳು. ಒಳ್ಳೇದೇ ಆಯಿತು.

ಸರಿ, ಕೊಳ್ಳುವುದೇ ಅಂತಾಯಿತು. ಅಂಗಡಿಯಲ್ಲಿ ಮೂರು ಜಾತಿ ಸಿಗುತ್ತವೆ.

ಒಂದು, ಮೋಟಾರು ಇಲ್ಲದ್ದು. ಮ್ಯಾನುಯಲ್ ಅನ್ನುತ್ತಾರೆ. ಬೆಲೆ ಕಮ್ಮಿ, ಕರೆಂಟು ಬೇಡ, ನಾವು ನಿಂತರೆ ಅದೂ ನಿಲ್ಲುತ್ತದೆ. ಕೇಳಲು ಚೆನ್ನಾಗಿದೆ, ನಾವೂ ಮೊದಲು ಅದನ್ನೇ ತಂದಿದ್ದು. ಆದರೆ ಬೆಲ್ಟನ್ನು ನಮ್ಮ ಕಾಲಿನಿಂದಲೇ ಹಿಂದಕ್ಕೆ ತಳ್ಳಬೇಕು. ಅದು ಸುಲಭವಾಗಿ ಉರುಳಲಿ ಅಂತ ಹಲಗೆಯನ್ನು ಏರಾಗಿಯೇ ಕೂರಿಸಿರುತ್ತಾರೆ. ತಳ್ಳಲು ಬಲ ಬೇಕು ಅಂತ ಕೈ ತಾನಾಗಿಯೇ ಕಂಬಿ ಹಿಡಿಯುತ್ತದೆ, ಸೊಂಟ ಮುಂದಕ್ಕೆ ಬಾಗುತ್ತದೆ. ಹತ್ತು ನಿಮಿಷ ಆಗುವಷ್ಟರಲ್ಲಿ ನಡಿಗೆ ಹೋಗಿ ಗಾಡಿ ತಳ್ಳಿದ ಹಾಗಾಗುತ್ತದೆ. ನಮ್ಮನೆಯವರ ಮಂಡಿ ಹದಿನೈದೇ ದಿನದಲ್ಲಿ ಬೇಡ ಅಂದುಬಿಟ್ಟಿತು. ದೊಡ್ಡ ಜಿಮ್ಮುಗಳಲ್ಲಿ ಬಾಗಿದ ದೋಣಿಯಂಥ ಮ್ಯಾನುಯಲ್ ಇರುತ್ತದೆ, ಅದರ ಮಾತೇ ಬೇರೆ. ಅದು ಓಟಗಾರರಿಗೆ, ಬೆಲೆಯೂ ಹಾಗೇ. ಮನೆಗೆ ಬರುವ ಸಣ್ಣ ಮ್ಯಾನುಯಲ್ ಅನ್ನು ನಲವತ್ತೈದು ದಾಟಿದ ಯಾರಿಗೂ ನಾನು ಹೇಳುವುದಿಲ್ಲ.

ಎರಡು, ವಾಕಿಂಗ್ ಪ್ಯಾಡ್. ಚಪ್ಪಟೆ ಹಲಗೆ, ಕಂಬಿ ಇಲ್ಲ, ಕೈಯಲ್ಲಿ ಪುಟ್ಟ ರಿಮೋಟ್. ಮಂಚದ ಕೆಳಗೆ ತಳ್ಳಬಹುದು. ಮಗಳು ಕರೋನಾ ಕಾಲದ ಅಭ್ಯಾಸದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಎತ್ತರದ ಮೇಜಿನ ಕೆಳಗೆ ಇದನ್ನಿಟ್ಟುಕೊಂಡು ಮೀಟಿಂಗ್ ಕೇಳುತ್ತಾ ಗಂಟೆಗೆ 2, 3 ಕಿಲೋಮೀಟರ್ ವೇಗದಲ್ಲಿ ನಡೆಯುವಳು. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಕೂತೇ ಇರುವುದಕ್ಕಿಂತ ಎಷ್ಟೋ ವಾಸಿ. ಆದರೆ ಇದರ ವೇಗ ಸಾಮಾನ್ಯವಾಗಿ ಗಂಟೆಗೆ 6 ಕಿಲೋಮೀಟರಿಗೆ ನಿಲ್ಲುತ್ತದೆ, ಏರು ಕೊಡುವ ಅನುಕೂಲ ಹೆಚ್ಚಿನವುಗಳಲ್ಲಿ ಇಲ್ಲ, ಬೆಲ್ಟು ಕಿರಿದು. ಮುಖ್ಯವಾಗಿ, ತಲೆ ಸುತ್ತಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಅದಕ್ಕೇ ಅತ್ತೆ ಮಾವಂದಿರಿಗೆ ಅಂತ ವಾಕಿಂಗ್ ಪ್ಯಾಡ್ ಕೊಳ್ಳುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ವಯಸ್ಸಾದವರಿಗೆ, ಬಿಪಿ ಮಾತ್ರೆ ತಗೊಳ್ಳುವವರಿಗೆ, ಪಾದ ಜೋಮು ಹಿಡಿಯುವ ಶುಗರ್‌ನವರಿಗೆ ಕಂಬಿ ಇರಲೇಬೇಕು. ಮಗಳು ಕೆಲಸದ ಮೇಲೆ ಬೆಂಗಳೂರಿಗೆ ಹೊರಟಾಗ ಪ್ಯಾಡೂ ಅವಳ ಜೊತೆ ಹೋಯಿತು.

ಮೂರು, ಮೋಟಾರಿನ ಮಡಚುವ ಟ್ರೆಡ್‌ಮಿಲ್. ಈಗ ನಮ್ಮಲ್ಲಿರುವುದು ಇದು. ಮೂರರಲ್ಲಿ ದುಬಾರಿ, ಭಾರ, ಜಾಗ ತಿನ್ನುತ್ತದೆ. ಆದರೂ ಒಂದು ಮನೆಯಲ್ಲಿ ಇಬ್ಬರು ಮೂವರು ಬಳಸುತ್ತಾರೆ ಅಂದರೆ ನನ್ನ ಓಟು ಇದಕ್ಕೇ.

ಈಗ ಅಂಗಡಿಯವರ ಲೆಕ್ಕಕ್ಕೆ ಬರೋಣ. ಮೊದಲು ತೋರಿಸುವುದು ಮೋಟಾರಿನ ಶಕ್ತಿ, ಅಂದರೆ ಎಚ್‌ಪಿ. ‘ಮೇಡಂ, 4 ಎಚ್‌ಪಿ ಮೋಟಾರು’ ಅಂದರು. ಒಂದು ಎಚ್‌ಪಿ ಅಂದರೆ 746 ವ್ಯಾಟ್. ನಾಲ್ಕು ಅಂದರೆ ಹತ್ತಿರ ಹತ್ತಿರ 3000. ನಮ್ಮ ಬಚ್ಚಲುಮನೆ ಗೀಸರೇ 2000 ವ್ಯಾಟಿನದು. ಅದಕ್ಕಿಂತ ಒಂದೂವರೆ ಪಟ್ಟು ಕರೆಂಟು ಹೊತ್ತುಗಟ್ಟಲೆ ಎಳೆಯುತ್ತದೆಯೇ? ಇಲ್ಲ. ಅದು ‘ಪೀಕ್’ ಲೆಕ್ಕ. ಒಂದು ಕ್ಷಣ ಮುಕ್ಕಿ ಎಳೆದರೆ ಸಿಗುವ ಶಕ್ತಿ. ನೀವು ಕೇಳಬೇಕಾದ್ದು ‘ಕಂಟಿನ್ಯೂಯಸ್’ ಎಷ್ಟು ಅಂತ, ಅಂದರೆ ನಿಲ್ಲದೆ ಓಡಿದರೆ ಎಷ್ಟು ತಾಳುತ್ತದೆ ಅಂತ. ನಡಿಗೆಗೆ ಒಂದೂವರೆಯಿಂದ 2 ಎಚ್‌ಪಿ ಕಂಟಿನ್ಯೂಯಸ್ ಸಾಕು. ಜಾಗಿಂಗ್ ಮಾಡುವವರಿಗೆ ಎರಡೂವರೆ, ದಿನಾ ಓಡುವವರಿಗೆ 3 ಇರಲಿ. ಈ ಒಂದು ಶಬ್ದ ಕೇಳಿದ ತಕ್ಷಣ ಅಂಗಡಿ ಹುಡುಗನ ಮುಖ ಸ್ವಲ್ಪ ಬದಲಾಗುತ್ತದೆ, ಗಮನಿಸಿ.

ಆಮೇಲೆ ಬೆಲ್ಟಿನ ಅಳತೆ. ಹೊರಗಿನ ಚೌಕಟ್ಟಿನದಲ್ಲ, ಓಡುವ ಬೆಲ್ಟಿನದು. ಟೇಪು ತಗೊಂಡು ಹೋಗಿ. ನಡಿಗೆಗೆ ಅಗಲ 40–42 ಸೆಂಟಿಮೀಟರ್, ಉದ್ದ 110–120 ನಡೆಯುತ್ತದೆ. ಓಡುವವರಿಗೂ ಆರಡಿ ಎತ್ತರದವರಿಗೂ ಅಗಲ 45ರ ಮೇಲೆ, ಉದ್ದ 130ರ ಮೇಲೆ ಬೇಕು. ಬೆಲ್ಟು ಗಿಡ್ಡ ಇದ್ದರೆ ಹೆಜ್ಜೆ ತಾನಾಗಿಯೇ ಚಿಕ್ಕದಾಗುತ್ತದೆ, ಮೈ ಬಿಗಿಯಾಗುತ್ತದೆ. ತೂಕದ ಮಿತಿ ಎಷ್ಟು ಅಂತ ಬರೆದಿರುತ್ತದೋ ಅದಕ್ಕಿಂತ 15–20 ಕಿಲೋ ಕಮ್ಮಿ ಇರುವವರಿಗೆ ಅದು ಅಂತ ತಿಳಿದುಕೊಳ್ಳಿ. ಸ್ಕ್ರೀನು, ಸ್ಪೀಕರು, ಬ್ಲೂಟೂತ್, ಹೊಟ್ಟೆ ಅಲ್ಲಾಡಿಸುವ ಪಟ್ಟಿ, ಇವುಗಳಿಗೆ ದುಡ್ಡು ಹಾಕಬೇಡಿ. ನನ್ನ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಕೊಟ್ಟಾದರೂ ಕೊಳ್ಳಬೇಕಾದ್ದು ಎರಡು: ಪಕ್ಕದಲ್ಲಿ ಉದ್ದಕ್ಕೆ ಬರುವ ಗಟ್ಟಿ ಕಂಬಿ, ಮತ್ತೆ ಇನ್‌ಕ್ಲೈನ್, ಅಂದರೆ ಹಲಗೆಯನ್ನು ಏರು ಮಾಡುವ ಅನುಕೂಲ.

ವೇಗ ಜಾಸ್ತಿ ಇರುವುದು ಬೇಕೋ, ಏರು ಇರುವುದು ಬೇಕೋ ಅಂತ ಬಂದರೆ ನಾನು ಕಣ್ಣು ಮುಚ್ಚಿ ಏರು ಅನ್ನುತ್ತೇನೆ. ಲೆಕ್ಕ ಹೀಗಿದೆ. ಗಂಟೆಗೆ 4 ಕಿಲೋಮೀಟರ್ ಅಂದರೆ ಮಾತಾಡಿಕೊಂಡು ನಡೆಯುವ ವೇಗ. ಅದೇ ವೇಗದಲ್ಲಿ ಶೇ 5ರಷ್ಟು ಏರು (ನೂರು ಅಡಿಗೆ ಐದು ಅಡಿ ಹತ್ತಿದಷ್ಟು) ಹಾಕಿದರೆ ಮೈಗೆ ಬೀಳುವ ಶ್ರಮ ಸುಮಾರು ಒಂದೂವರೆ ಪಟ್ಟಾಗುತ್ತದೆ. ಸಮತಟ್ಟಾಗಿ 6 ಕಿಲೋಮೀಟರ್ ವೇಗದಲ್ಲಿ ದಾಪುಗಾಲು ಹಾಕುವುದಕ್ಕಿಂತಲೂ ಜಾಸ್ತಿ. ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಧಾನ ಹತ್ತಿದರೂ ನಂದಿ ಬರುವಷ್ಟರಲ್ಲಿ ಏದುಸಿರು. ಏರಿನಲ್ಲಿ ಕಾಲು ಧಡಧಡ ಬೀಳುವುದಿಲ್ಲ, ಎಡವುವ ಭಯ ಕಮ್ಮಿ, ಓಡಲಾಗದವರಿಗೂ ಒಳ್ಳೆಯ ಕಸರತ್ತು. ಹಿಮ್ಮಡಿ ನೋವು ಇರುವವರು, ಮೀನಖಂಡ ಬಿಗಿ ಹಿಡಿಯುವವರು ಮಾತ್ರ ಶೇ 1, 2ರಿಂದ ಶುರುಮಾಡಿ. ಅಗ್ಗದ ಮಾದರಿಗಳಲ್ಲಿ ಇಳಿದು ಕೈಯಿಂದ ಮೂರು ಹಂತದ ಏರು ಬದಲಾಯಿಸುವುದು ಇರುತ್ತದೆ. ಅದೂ ಸಾಕು. ಗುಂಡಿ ಒತ್ತಿದರೆ ಏರುವುದು ಆರಾಮ, ಅಷ್ಟೇ.

ಸೆಕೆಂಡ್ ಹ್ಯಾಂಡ್ ಬಗ್ಗೆ ಒಂದು ಮಾತು. ಊರಲ್ಲಿ ಬೇಕಾದಷ್ಟು ಸಿಗುತ್ತವೆ, ಎಷ್ಟೋ ಸರಿಯಾಗಿ ಬಳಸದೇ ಇಟ್ಟವು. ಅರ್ಧ ಬೆಲೆಗೆ ಒಳ್ಳೆಯದು ಬಂದರೆ ಬಿಡಬೇಡಿ. ಹತ್ತು ನಿಮಿಷ ಮೇಲೆ ನಡೆದು, ಸುಟ್ಟ ವಾಸನೆ ಬರುತ್ತದೆಯೇ, ಬೆಲ್ಟು ಒಂದು ಕಡೆಗೆ ಜರುಗುತ್ತದೆಯೇ, ಹೆಜ್ಜೆ ಇಟ್ಟಾಗ ಬೆಲ್ಟು ಕ್ಷಣ ತಡವರಿಸುತ್ತದೆಯೇ ನೋಡಿ. ನಾವು ಜಾರಿದರೆ ಮೆಷಿನ್ ನಿಲ್ಲಿಸುವ ಸೇಫ್ಟಿ ಕೀ ಕಳೆದುಹೋಗಿದೆ, ಬದಲಿಗೆ ಅಯಸ್ಕಾಂತ ಅಂಟಿಸಿದ್ದೇವೆ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ಆ ಕೀ ವಿಷಯಕ್ಕೇ ಬಂದೆ. ಮೋಟಾರಿನದು ಬಂದ ಹೊಸದರಲ್ಲಿ ಟಿವಿ ಕಾಣಲಿ ಅಂತ ಅದನ್ನು ಗೋಡೆಗೆ ಬೆನ್ನು ಮಾಡಿ ಇಟ್ಟಿದ್ದೆವು. ಹಿಂದೆ ಒಂದು ಮೊಳ ಜಾಗ ಇದ್ದರೆ ಹೆಚ್ಚು. ಕೆಂಪು ದಾರದ ಸೇಫ್ಟಿ ಕೀಯನ್ನು ಕಳೆದುಹೋಗುತ್ತದೆ ಅಂತ ಮೆಷಿನ್ನಿಗೇ ಸಿಕ್ಕಿಸಿ, ದಾರವನ್ನು ಕಂಬಿಗೆ ಚೆಂದವಾಗಿ ಸುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮನೆಯವರು ನಡೆಯುತ್ತಿದ್ದಾಗ ಬೆಲ್ ಆಯಿತು. ಕೊರಿಯರಿನವರು. ನಮ್ಮನೆಯವರು ಬೆಲ್ಟು ನಿಲ್ಲಿಸದೆ ಎರಡೂ ಕಾಲು ಪಕ್ಕದ ಪಟ್ಟಿಗೆ ಇಟ್ಟು ಇಳಿದು ಹೋದರು. ಸಹಿ ಹಾಕಿ, ಎರಡು ಮಾತಾಡಿ, ಲಕೋಟೆ ನೋಡುತ್ತಾ ಬಂದು ಮತ್ತೆ ಹತ್ತಿದರು. ನಿಂತಿದೆ ಅಂದುಕೊಂಡಿದ್ದರಂತೆ. ಅದು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇತ್ತು. ಬಲಗಾಲು ಇಟ್ಟಿದ್ದೇ ಹಿಂದಕ್ಕೆ ಹೋಯಿತು, ಮಂಡಿ ಬೆಲ್ಟಿಗೆ ಬಡಿಯಿತು, ಮೈ ಜಾರಿ ಗೋಡೆಗೂ ಬೆಲ್ಟಿಗೂ ನಡುವೆ ಸಿಕ್ಕಿತು. ಬೆಲ್ಟು ನಿಲ್ಲಲಿಲ್ಲ. ಅದು ಮೊಣಕೈಯನ್ನು ಉಜ್ಜುತ್ತಲೇ ಇತ್ತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಹೆಚ್ಚೆಂದರೆ ಐದಾರು ಸೆಕೆಂಡು ಆಗಿರಬಹುದು. ‘ಏ, ತೆಗಿಯೇ ಅದನ್ನ!’ ಅಂತ ಕೂಗಿದರು. ದಾರ ಎಳೆದೆ, ನಿಂತಿತು. ಮೊಣಕೈಯಲ್ಲಿ ನಾಲ್ಕು ಬೆರಳಗಲ ಚರ್ಮ ಎದ್ದಿತ್ತು. ತರಚಿದ ಗಾಯ ಅಲ್ಲ, ಸುಟ್ಟ ಗಾಯದ ಹಾಗೇ ಒಸರುತ್ತಿತ್ತು. ಶುಗರ್ ಇರುವ ಮೈ, ಮಾಯಲು ಐದು ವಾರ ಹಿಡಿಯಿತು. ಗೋಡೆಯ ಗಾರೆ ಕಿತ್ತ ಗುರುತು ಇನ್ನೂ ಇದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಕೀಯ ಇನ್ನೊಂದು ತುದಿಯ ಕ್ಲಿಪ್ಪು ಅಂಗಿಗೆ ಸಿಕ್ಕಿಸದೆ ಯಾರೂ ಬೆಲ್ಟು ಶುರು ಮಾಡುವಂತಿಲ್ಲ. ನಾವು ಹಿಂದೆ ಜಾರಿದರೆ ದಾರ ಎಳೆದು ಕೀ ಕಿತ್ತು ಬರುತ್ತದೆ, ಮೋಟಾರು ನಿಲ್ಲುತ್ತದೆ. ಅದಿರುವುದೇ ಅದಕ್ಕೆ. ಬೆಲ್ ಆದರೆ ಆಗಲಿ, ಫೋನ್ ಬಂದರೆ ಬರಲಿ, ಮೊದಲು ನಿಲ್ಲಿಸಿ ಆಮೇಲೆ ಇಳಿಯುವುದು. ಹತ್ತುವಾಗಲೂ ಎರಡು ಪಕ್ಕದ ಪಟ್ಟಿ ಮೇಲೆ ನಿಂತು, ಬೆಲ್ಟು ಮೆಲ್ಲಗೆ ಓಡಲು ಶುರುವಾದ ಮೇಲೆ ಕಾಲಿಡುವುದು. ಮೆಷಿನ್ ಅನ್ನು ತಿರುಗಿಸಿ ಇಟ್ಟೆವು. ಹಿಂದೆ 2 ಮೀಟರ್, ಎರಡೂ ಪಕ್ಕ ಅರ್ಧರ್ಧ ಮೀಟರ್ ಖಾಲಿ ಇರಬೇಕು. ಟಿವಿ ಕಾಣದಿದ್ದರೆ ಬೇಡ, ಹಾಡು ಕೇಳಿ.

ಉಡುಪಿನ ಮಾತೂ ಇಲ್ಲೇ ಬರಲಿ. ಡಬ್ಬದ ಮೇಲಿನ ಚಿತ್ರದಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿದವರು ಓಡುತ್ತಿರುತ್ತಾರೆ. ನಮ್ಮ ಮನೆಗಳಲ್ಲಿ ಹತ್ತುವವರು ನೈಟಿಯಲ್ಲಿ, ಸೀರೆಯಲ್ಲಿ, ಪಂಚೆಯಲ್ಲಿ. ಸೆರಗಾಗಲಿ, ಚೂಡಿದಾರದ ವೇಲ್ ಆಗಲಿ, ಪಂಚೆಯ ತುದಿಯಾಗಲಿ ಹಿಂದಿನ ರೋಲರಿಗೆ ಸಿಕ್ಕಿದರೆ ಎಳೆದುಕೊಂಡೇ ಹೋಗುತ್ತದೆ. ವೇಲ್ ತೆಗೆದಿಡಿ. ಸೀರೆಯಾದರೆ ಹತ್ತಲೇಬೇಡಿ. ಹವಾಯಿ ಚಪ್ಪಲಿ ಬೇಡ, ಬರಿಗಾಲೂ ಬೇಡ. ಬೆಲ್ಟು ಬಿಸಿಯಾಗುತ್ತದೆ, ಜೋಮು ಹಿಡಿದ ಪಾದಕ್ಕೆ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಮನೆಯೊಳಗೆ ಶೂ ಹೇಗೆ ಹಾಕುವುದು ಅಂತ ನಮ್ಮತ್ತೆ ಗೊಣಗಿದರು. ಅದಕ್ಕೇ ಅಂತ ಒಂದು ಜೊತೆ ಹೊಸದು ತಂದು, ಹೊರಗೆ ಮೆಟ್ಟದೆ ಮೆಷಿನ್ ಪಕ್ಕದಲ್ಲೇ ಇಟ್ಟಿದ್ದೇವೆ. ಬೆಲ್ಟಿಗೆ ಹೊರಗಿನ ಮಣ್ಣೂ ಬೀಳುವುದಿಲ್ಲ.

ಮಕ್ಕಳಿರುವ ಮನೆಯವರು ಇದನ್ನು ಎರಡು ಸಲ ಓದಿ. 2021ರಲ್ಲಿ ಅಮೆರಿಕದಲ್ಲಿ ಪೆಲೋಟಾನ್ ಕಂಪನಿ ತನ್ನ ಟ್ರೆಡ್ ಪ್ಲಸ್ ಅನ್ನುವ ಮಾದರಿಯ ಸುಮಾರು 1,25,000 ಮೆಷಿನ್‌ಗಳನ್ನು ವಾಪಸ್ ಕರೆಯಿತು. ಒಂದು ಮಗು ಹಿಂಭಾಗದ ಬೆಲ್ಟಿನ ಕೆಳಗೆ ಎಳೆಯಲ್ಪಟ್ಟು ಸತ್ತಿತ್ತು. ದುಬಾರಿ ಮೆಷಿನ್ ಆದ್ದರಿಂದ ಅಪಾಯ ಇಲ್ಲ ಅಂದುಕೊಳ್ಳಬೇಡಿ ಅಂತ ಇದನ್ನು ಹೇಳಿದೆ. ನಡೆದಾದ ಮೇಲೆ ಕೀ ಕಿತ್ತು ದೇವರ ಗೂಡಿನ ಮೇಲೋ ಬೀರುವಿನಲ್ಲೋ ಇಡಿ, ಪ್ಲಗ್ ತೆಗೆಯಿರಿ, ಮಡಚುವುದಾದರೆ ಕೊಂಡಿ ಬಿದ್ದಿದೆಯೇ ನೋಡಿ. ನೀವು ನಡೆಯುವಾಗ ಮೊಮ್ಮಗು ಹಿಂದೆ ಬಂದು ನಿಂತರೆ ನಿಮಗೆ ಕಾಣುವುದೇ ಇಲ್ಲ. ಆ ಹೊತ್ತಿಗೆ ಮಗು ಬೇರೆ ಕೋಣೆಯಲ್ಲಿರಬೇಕು.

ಎಲ್ಲಿ ಇಡುವುದು ಅನ್ನುವುದಕ್ಕೆ ಇನ್ನೂ ಎರಡು ಲೆಕ್ಕ ಇವೆ. ಒಂದು ನೆಲದ್ದು. ಮೆಷಿನ್ನಿನ ಭಾರ 50–60 ಕಿಲೋ, ಮೇಲೆ ನೀವು 75 ಕಿಲೋ, ಅದರ ಮೇಲೆ ಹೆಜ್ಜೆಯ ಬಡಿತ. ಆರ್‌ಸಿಸಿ ಮನೆಗೆ ಇದು ಏನೂ ಅಲ್ಲ. ಆದರೆ ಹಳೇ ಅಗ್ರಹಾರದ ಕಡೆ ಮರದ ತೊಲೆಯ ಮದ್ರಾಸ್ ತಾರಸಿ ಮನೆಗಳಿವೆ. ಅಲ್ಲಿ ಮಹಡಿ ಮೇಲೆ ಇಡುವ ಮುಂಚೆ ಒಬ್ಬ ಎಂಜಿನಿಯರಿಗೆ ತೋರಿಸಿ, ಇಲ್ಲವೇ ಕೆಳಗೇ ಇಡಿ. ರೆಡ್ ಆಕ್ಸೈಡ್ ನೆಲ ನುಣುಪು, ಗೀಚಿಯೂ ಹೋಗುತ್ತದೆ. ದಪ್ಪ ರಬ್ಬರ್ ಮ್ಯಾಟು ಹಾಸಿದರೆ ನೆಲಕ್ಕೂ ಒಳ್ಳೆಯದು, ಕೆಳಗಿನ ಮನೆಯವರಿಗೂ ಒಳ್ಳೆಯದು. ಬಾಡಿಗೆ ಮನೆಯಲ್ಲಿ ಮೇಲಿದ್ದು ಬೆಳಗಿನ ಐದಕ್ಕೆ ಧಡಧಡ ಶುರುಮಾಡಿದರೆ ಓನರ್ ಆಂಟಿ ಏನನ್ನುತ್ತಾರೆ ಅಂತ ನಿಮಗೇ ಗೊತ್ತು.

ಇನ್ನೊಂದು ಕರೆಂಟಿನದು. ಗೀಸರು, ವಾಷಿಂಗ್ ಮೆಷಿನ್ನಿಗೆ ಇರುವ ಹಾಗೆ ದಪ್ಪ ಪಿನ್ನಿನ 16 ಆಂಪ್ಸ್ ಪಾಯಿಂಟು ಬೇಕು, ಅರ್ತಿಂಗ್ ಸರಿ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಬೇಡಿ. ಮನೆ ಯುಪಿಎಸ್ ಲೈನಿಗೂ ಕೊಡಬೇಡಿ. ಕರೆಂಟು ಹೋದರೆ ಬೆಲ್ಟು ನಿಲ್ಲುತ್ತದೆ, ನಿಂತಾಗ ಕಂಬಿ ಹಿಡಿದು ಇಳಿದರಾಯಿತು. ಬಿಲ್ ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನಡಿಗೆಗೆ ಸರಾಸರಿ 500 ವ್ಯಾಟ್ ಅಂತ ಇಟ್ಟುಕೊಳ್ಳಿ. ದಿನಕ್ಕೆ ಮುಕ್ಕಾಲು ಗಂಟೆಯಂತೆ ತಿಂಗಳಿಗೆ ಸುಮಾರು 11 ಯೂನಿಟ್. ದೊಡ್ಡದೇನಲ್ಲ. ಆದರೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ 200 ಯೂನಿಟ್ ಗಡಿಯ ಪಕ್ಕದಲ್ಲೇ ಇರುವ ಮನೆಯವರು ಈ 11ನ್ನು ಲೆಕ್ಕ ಹಾಕಿ. 200 ದಾಟಿದ ತಿಂಗಳು ಸೆಸ್ಕ್ ಬಿಲ್ ಪೂರ್ತಿ ನಿಮ್ಮದೇ. ನಾವು ಗೀಸರ್ ಹತ್ತು ನಿಮಿಷ ಕಮ್ಮಿ ಮಾಡಿ ಸರಿದೂಗಿಸಿದ್ದೇವೆ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಜೋರು ಶ್ರಮ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಟ್ರೆಡ್‌ಮಿಲ್ ಇದ್ದವರು ಈ ಎರಡನೆಯದನ್ನು ಮರೆತೇಬಿಡುತ್ತಾರೆ. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಇಷ್ಟರಿಂದಲೇ ಶುರುಮಾಡಬಹುದು.

ಮಧ್ಯಮ ಅಂದರೆ ಎಷ್ಟು ಅಂತ ಸ್ಕ್ರೀನ್ ನೋಡಬೇಡಿ, ಬಾಯಿ ನೋಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಬೀಳುತ್ತಿದ್ದರೆ ಹೆಚ್ಚಿನವರಿಗೆ ಅದೇ ಮಧ್ಯಮ. 220ರಲ್ಲಿ ವಯಸ್ಸು ಕಳೆದು ನಾಡಿಯ ಗರಿಷ್ಠ ಲೆಕ್ಕ ಹಾಕುವುದು ಬರೀ ಅಂದಾಜು. ಬಿಪಿಗೆ, ಹೃದಯಕ್ಕೆ ಅಂತ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ನುಂಗುವವರ ನಾಡಿ ಅಷ್ಟಾಗಿ ಏರುವುದಿಲ್ಲ. ಅವರು ಆ ಸಂಖ್ಯೆ ನಂಬಿ ಇನ್ನೂ ಜೋರು ಮಾಡಿದರೆ ತೊಂದರೆ. ಕ್ಯಾಲರಿ ಸಂಖ್ಯೆಯಂತೂ ಸುಮ್ನೆ ಸಮಾಧಾನಕ್ಕೆ. ಅದನ್ನು ನಂಬಿ ಒಂದು ಮೈಸೂರು ಪಾಕ್ ಜಾಸ್ತಿ ತಿನ್ನುವವರನ್ನು ನಾನು ನೋಡಿದ್ದೇನೆ. ಅವರು ನಮ್ಮ ಮನೆಯಲ್ಲೇ ಇದ್ದಾರೆ.

ನಮ್ಮ ಅಭ್ಯಾಸ ಹೀಗೆ. ಮೊದಲ ಐದು ನಿಮಿಷ 3 ಕಿಲೋಮೀಟರ್ ವೇಗ. ಆಮೇಲೆ ಇಪ್ಪತ್ತು ನಿಮಿಷ 4.5ರಿಂದ 5, ಅದರಲ್ಲಿ ನಡುನಡುವೆ ಮೂರು ನಿಮಿಷ ಶೇ 4 ಏರು, ಮೂರು ನಿಮಿಷ ಸಮ. ಕೊನೆಗೆ ಐದು ನಿಮಿಷ ಇಳಿಸಿಕೊಂಡು ಬರುವುದು. ಧುತ್ತೆಂದು ನಿಲ್ಲಿಸಿ ಇಳಿದರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುತ್ತದೆ, ಅದಕ್ಕೇ ಈ ಕೊನೆಯ ಐದು ನಿಮಿಷ ಬಿಡಬೇಡಿ. ಇಳಿದ ಮೇಲೂ ನೆಲವೇ ಓಡಿದ ಹಾಗೆ ಅನ್ನಿಸುವುದು ಹೊಸಬರಿಗೆ ಸಹಜ, ಒಂದು ನಿಮಿಷ ಕಂಬಿ ಹಿಡಿದು ನಿಲ್ಲಿ. ಆದರೆ ನಡೆಯುವಾಗ ಕಂಬಿಗೆ ಜೋತುಬೀಳಬೇಡಿ. ಏರು ಹಾಕಿಕೊಂಡು ಕಂಬಿಗೆ ತೂಗಿದರೆ ಆ ಶ್ರಮವೆಲ್ಲ ಕಂಬಿಯ ಪಾಲು. ಹಿಡಿಯದೆ ನಡೆಯಲು ಆಗದಿದ್ದರೆ ವೇಗ ಜಾಸ್ತಿ ಆಯಿತು ಅಂತಲೇ ಅರ್ಥ. ಬ್ಯಾಲೆನ್ಸ್ ಇಲ್ಲದ ಹಿರಿಯರು ಮಾತ್ರ ಬೆರಳು ಸೋಕಿಸಿಕೊಂಡೇ ನಡೆಯಲಿ, ತಪ್ಪಿಲ್ಲ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ. ಬಾಟಲಿ ಇಡುವ ಗುಂಡಿಯಲ್ಲಿ ಮೂರು ಚಮಚ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲಿ. ಸಕ್ಕರೆ ತೀರಾ ಇಳಿದು ಕೈ ನಡುಗಿ ಬೆವರು ಬಂದರೆ ಅಲ್ಲೇ ನಿಲ್ಲಿಸಿ ತಿನ್ನಿ. ಎದೆ ಬಿಗಿ, ದವಡೆಗೋ ಎಡಗೈಗೋ ಹರಿಯುವ ನೋವು, ಕಣ್ಣು ಕತ್ತಲೆ ಬಂದರೆ ‘ಐದು ನಿಮಿಷ ಬಾಕಿ ಇದೆ’ ಅನ್ನಬೇಡಿ, ಇಳಿದು ಆಸ್ಪತ್ರೆಗೆ ಹೊರಡಿ. ಹೃದಯದ ತೊಂದರೆ ಹಿಂದೆ ಇದ್ದವರು, ಬಹಳ ವರ್ಷ ಮೈ ಬಗ್ಗಿಸದೇ ಇದ್ದವರು ಶುರುಮಾಡುವ ಮುಂಚೆ ಡಾಕ್ಟರನ್ನು ಕೇಳಿ. ಅವರು ಟಿಎಂಟಿ, ಅಂದರೆ ನಡೆಸುತ್ತಾ ಹೃದಯ ನೋಡುವ ಪರೀಕ್ಷೆ, ಮಾಡಿಸಬಹುದು. ಅದೂ ಟ್ರೆಡ್‌ಮಿಲ್ಲೇ. ಅಮೆರಿಕದ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮ ಇವತ್ತಿಗೂ ನಡೆಯುತ್ತಿದೆ: ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ 10 ಏರು, ಮೂರು ಮೂರು ನಿಮಿಷಕ್ಕೆ ಎರಡೂ ಏರುತ್ತಾ ಹೋಗುತ್ತವೆ. ಎದೆಗೆ ತಂತಿ ಅಂಟಿಸಿಕೊಂಡು, ಪಕ್ಕದಲ್ಲಿ ಡಾಕ್ಟರನ್ನು ಇಟ್ಟುಕೊಂಡು ಮಾಡುವ ಆಟ ಅದು. ‘ನಾನೂ ಟಿಎಂಟಿ ತರಹ ಟ್ರೈ ಮಾಡಿದೆ’ ಅಂತ ನಮ್ಮ ಭಾವ ಮನೆಯಲ್ಲೇ ಶೇ 12ಕ್ಕೆ ಏರಿಸಿದ್ದರು. ಬೈಸಿಕೊಂಡರು.

ನೋಡಿಕೊಳ್ಳುವುದು ದೊಡ್ಡ ಕೆಲಸವಲ್ಲ, ಆದರೆ ಮಾಡಬೇಕು. ಬೆಲ್ಟಿನ ಕೆಳಗೆ ಸಿಲಿಕೋನ್ ಎಣ್ಣೆ ಬಿಡಬೇಕು. ತೆಂಗಿನೆಣ್ಣೆ, ಹೊಲಿಗೆ ಮಿಷನ್ ಎಣ್ಣೆ ಅಲ್ಲ. ಎರಡು ಮೂರು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಬೆಲ್ಟಿನ ಅಂಚು ಎತ್ತಿ ಹಲಗೆಗೆ ಬೆರಳು ತಾಗಿಸಿ ನೋಡುತ್ತೇನೆ. ಜಿಡ್ಡು ಅಂಟಿದರೆ ಬೇಡ, ಒಣಗಿದ್ದರೆ ನಾಲ್ಕು ಗೆರೆ ಎಣ್ಣೆ. ಬೆಲ್ಟು ಎಡಕ್ಕೆ ಜರುಗಿದರೆ ಹಿಂದಿನ ಎಡಗಡೆ ಬೋಲ್ಟನ್ನು ಅಲೆನ್ ಕೀಯಿಂದ ಕಾಲು ಸುತ್ತು ಬಿಗಿ ಮಾಡಿ, ಖಾಲಿ ಬೆಲ್ಟು ಮೆಲ್ಲಗೆ ಓಡಿಸಿ ಒಂದು ನಿಮಿಷ ಕಾಯಬೇಕು. ಬಲಕ್ಕೆ ಜರುಗಿದರೆ ಬಲಗಡೆದು. ಕಾಲು ಸುತ್ತು ಅಷ್ಟೇ. ನಾನು ಮೊದಲ ಸಲ ಆತುರದಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ, ಬೆಲ್ಟು ಆ ತುದಿಗೆ ಹೋಗಿ ಅಂಚು ನವಿರಾಗಿ ಹಿಂಜಿಕೊಂಡಿತು. ಆ ಎಳೆ ಈಗಲೂ ಓಡುವಾಗ ಟಪ್ ಟಪ್ ಅನ್ನುತ್ತದೆ.

ನನ್ನ ಆಯ್ಕೆ ಕೇಳಿದರೆ: ಬೆಳಿಗ್ಗೆ ಕೆರೆಗೆ ಹೋಗುವವರು ಕೆರೆಗೇ ಹೋಗಿ. ಮನೆಯಿಂದ ಕೆಲಸ ಮಾಡುವ ಮೂವತ್ತರ ಹುಡುಗ ಹುಡುಗಿಯರು ವಾಕಿಂಗ್ ಪ್ಯಾಡ್ ತಗೊಳ್ಳಿ, ಮಾರಲೂ ಸುಲಭ. ಶುಗರ್, ಬಿಪಿ ಇರುವ, ಐವತ್ತು ದಾಟಿದ ಗಂಡ ಹೆಂಡತಿ ಇಬ್ಬರೂ ಬಳಸುತ್ತೀರಾದರೆ 2 ಎಚ್‌ಪಿ ಕಂಟಿನ್ಯೂಯಸ್, ಉದ್ದ ಕಂಬಿ, ಕೈಯಲ್ಲಿ ಬದಲಾಯಿಸುವ ಏರು ಇರುವ ಸಾದಾ ಮೋಟಾರಿನದು. ಮ್ಯಾರಥಾನ್ ಓಡುವ ಮಗ ಇದ್ದಾನೆ ಅಂತ ಅವನ ಅಳತೆಗೆ ದೊಡ್ಡದು ತರಬೇಡಿ. ಅವನು ಹೇಗೂ ರಿಂಗ್ ರಸ್ತೆಯಲ್ಲೇ ಓಡುತ್ತಾನೆ.

ಅಂಗಡಿಗೆ ಹೋಗುವಾಗ ಶೂ ಹಾಕಿಕೊಂಡು ಹೋಗಿ. ಎರಡು ನಿಮಿಷ ಅಲ್ಲ, ಹದಿನೈದು ನಿಮಿಷ ಮೇಲೆ ನಡೆಯಿರಿ. ನಮ್ಮನೆಯವರು ನಡೆಯುವಾಗ ಅಂಗಡಿ ಹುಡುಗ ಮೂರು ಸಲ ಬಂದು ‘ಸಾರ್, ಸಾಕಾ?’ ಅಂದ. ಹನ್ನೆರಡನೇ ನಿಮಿಷಕ್ಕೆ ಬೆಲ್ಟು ಬಲಕ್ಕೆ ಜರುಗತೊಡಗಿತು. ಅದನ್ನು ಬಿಟ್ಟು ಪಕ್ಕದ್ದು ತಗೊಂಡೆವು. ದುಡ್ಡು ಕೊಡುವ ಮುಂಚೆ ಇನ್ನೆರಡು ಮಾತು ಚೀಟಿಯಲ್ಲಿ ಬರೆಸಿಕೊಳ್ಳಿ: ಸರ್ವೀಸಿಗೆ ಮೈಸೂರಿನಲ್ಲೇ ಜನ ಇದ್ದಾರೋ, ಬೆಂಗಳೂರಿನಿಂದ ಬರಬೇಕೋ. ಮತ್ತೆ ಮಹಡಿ ಮನೆಯಾದರೆ, ಮೆಟ್ಟಿಲು ಹತ್ತಿಸಿ ಇಟ್ಟು, ಜೋಡಿಸಿ, ಓಡಿಸಿ ತೋರಿಸುವುದೂ ಆ ಬೆಲೆಯಲ್ಲೇ ಸೇರಿದೆಯೋ ಇಲ್ಲವೋ. ನಮ್ಮ ಮೆಟ್ಟಿಲಿನ ಎರಡನೇ ತಿರುವಿನಲ್ಲಿ ಆ ಡಬ್ಬ ಒಂದು ಗಂಟೆ ಸಿಕ್ಕಿಕೊಂಡಿತ್ತು.